ಊಟದ ಮೇಜಿನ ಮೇಲೆ ಒಂಬತ್ತು ನಾಣ್ಯ: ಐಸ್ ಹಾಕಿಯಲ್ಲಿ ಲೈನ್ ಕಟ್ಟುವ, ಎದುರು ನಿಲ್ಲಿಸುವ ಬಗೆ

ಪಂದ್ಯದ ಹಿಂದಿನ ರಾತ್ರಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂಬತ್ತು ನಾಣ್ಯಗಳಿರುತ್ತವೆ. ಕೆನಡಾದ 25 ಸೆಂಟಿನವು ಆರು, ನಮ್ಮ ಎರಡು ರೂಪಾಯಿಯವು ಮೂರು. ಸ್ಟಿಕ್ಕನ್ನು ಎಡಕ್ಕೆ ಹಿಡಿದು ಹೊಡೆಯುವ ಹುಡುಗಿಯರು ಸೆಂಟು, ಬಲಕ್ಕೆ ಹಿಡಿಯುವವರು ರೂಪಾಯಿ. ಮೂರು ಮೂರಾಗಿ ಇಡುತ್ತೇನೆ, ಕಲಸುತ್ತೇನೆ, ಮತ್ತೆ ಇಡುತ್ತೇನೆ. "ಮುಗಿಯಿತೇ ನಿಮ್ಮ ಚೌಕಾಬಾರ? ತಟ್ಟೆ ಇಡಬೇಕು" ಎಂದು ಹೆಂಡತಿ ಬಂದು ನಿಂತಾಗ ಯಾವ ಜೋಡಣೆ ಮೇಜಿನ ಮೇಲಿದೆಯೋ ಅದೇ ಮರುದಿನದ ಲೈನ್.

ನಾನು ಸೋಮವಾರಪೇಟೆಯ ಕಡೆಯವನು. ಶಾಲೆ, ಕಾಲೇಜಿನ ದಿನಗಳಲ್ಲಿ ಮಣ್ಣಿನ ಮೈದಾನದಲ್ಲಿ ಹಾಕಿ ಆಡಿದ್ದೇನೆ, ರೈಟ್ ಹಾಫ್ ಆಗಿ. ಎದುರಾಳಿಯ ಲೆಫ್ಟ್ ಔಟ್ ನೀರು ಕುಡಿಯಲು ಹೋದರೂ ಅವನ ಬೆನ್ನ ಹಿಂದಿರುವುದೇ ನನ್ನ ಕೆಲಸ. ಒಂಟಾರಿಯೊದ ವಾಟರ್‌ಲೂ ಕಡೆಗೆ ಬಂದು ನೆಲೆಸಿದ ಮೇಲೆ ಮಗಳು ಸ್ಕೇಟ್ ಕಟ್ಟಿದಳು. "ನಿಮಗೆ ಹಾಕಿ ಗೊತ್ತಂತಲ್ಲ" ಎಂದು ಯಾರೋ ನನ್ನನ್ನೂ ಬೆಂಚಿನ ಹಿಂದೆ ನಿಲ್ಲಿಸಿದರು. ನನಗೆ ಗೊತ್ತಿದ್ದ ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಎಂಬುದೇ ಇಲ್ಲ. ಇಲ್ಲಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎಡದಿಂದಲೇ ಹೊಡೆಯುತ್ತಿದ್ದರು. ಅದನ್ನು ಅರಗಿಸಿಕೊಳ್ಳುವುದಕ್ಕೇ ಒಂದು ಚಳಿಗಾಲ ಹಿಡಿಯಿತು. ಈಗ ಆರನೆಯ ಸೀಸನ್. 15 ವರ್ಷದೊಳಗಿನ ಹುಡುಗಿಯರ ತಂಡದಲ್ಲಿ ಫಾರ್ವರ್ಡ್‌ಗಳು ನನ್ನ ಪಾಲಿನ ಹೊಣೆ. ನನ್ನ ಹಾಗೆ ಅಚಾನಕ್ಕಾಗಿ ಬೆಂಚಿನ ಹಿಂದೆ ಬಂದು ನಿಂತ ಅಪ್ಪ ಅಮ್ಮಂದಿರಿಗೆ ಈ ಬರಹ ಉಪಯೋಗವಾದೀತು.

ಲೆಕ್ಕ ಮೊದಲು. ಒಮ್ಮೆಗೆ ಮಂಜಿನ ಮೇಲೆ ಗೋಲಿ (ಗೋಲ್‌ಕೀಪರ್) ಬಿಟ್ಟು ಐವರು: ಸೆಂಟರ್ ಒಬ್ಬರು, ವಿಂಗರ್ ಇಬ್ಬರು, ಡಿಫೆನ್ಸ್ ಇಬ್ಬರು. ಮೂವರು ಫಾರ್ವರ್ಡ್‌ಗಳ ಗುಂಪೇ ಒಂದು ಲೈನ್. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡವೊಂದು ಪಂದ್ಯಕ್ಕೆ 18 ಸ್ಕೇಟರ್‌ಗಳನ್ನೂ 2 ಗೋಲಿಗಳನ್ನೂ ಇಳಿಸುತ್ತದೆ. ವಾಡಿಕೆಯಂತೆ 12 ಫಾರ್ವರ್ಡ್‌ಗಳ ನಾಲ್ಕು ಲೈನ್, 6 ಡಿಫೆನ್ಸ್‌ನ ಮೂರು ಜೋಡಿ. ನಮ್ಮಲ್ಲಿ 9 ಫಾರ್ವರ್ಡ್, 6 ಡಿಫೆನ್ಸ್, 2 ಗೋಲಿ. ಒಂದು ಸರದಿಗೆ ಶಿಫ್ಟ್ ಎನ್ನುತ್ತಾರೆ. ಸುಮಾರು 45 ಸೆಕೆಂಡು ಜೀವ ಬಿಟ್ಟು ಓಡಿ ಬೆಂಚಿಗೆ ಮರಳುವುದು. ಒಂದೂವರೆ ನಿಮಿಷ ಮಂಜಿನ ಮೇಲೇ ಉಳಿದವಳು ಆಡುತ್ತಿದ್ದಾಳೆ ಎಂದುಕೊಳ್ಳಬೇಡಿ, ತೇಲುತ್ತಿದ್ದಾಳೆ ಅಷ್ಟೆ.

ಹೊಸಬರು ಮೊದಲು ಮಾಡುವ ತಪ್ಪೆಂದರೆ ಒಂಬತ್ತು ಜನರನ್ನು ಚುರುಕಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಮೊದಲ ಮೂವರನ್ನು ಒಂದು ಲೈನ್, ನಂತರದ ಮೂವರನ್ನು ಇನ್ನೊಂದು ಎಂದು ಕತ್ತರಿಸುವುದು. ನಾನೂ ಮಾಡಿದ್ದೆ. ಆ ಮೂವರು ಚುರುಕಿನ ಹುಡುಗಿಯರಿಗೂ ಪಕ್ (ಇಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ತಾವೇ ಹಿಡಿದು ಓಡಬೇಕಿತ್ತು, ಆದರೆ ಇದ್ದದ್ದು ಒಂದೇ ಪಕ್. ಈಗ ಮೂವರನ್ನು ಒಟ್ಟಿಗೆ ಹುಡುಕುವುದಿಲ್ಲ. ಮೊದಲು ಇಬ್ಬರನ್ನು ಹುಡುಕುತ್ತೇನೆ. ಅಭ್ಯಾಸದ ಕೊನೆಯ ಹದಿನೈದು ನಿಮಿಷ ರಿಂಕಿನ ಒಂದು ತುದಿಯನ್ನು ಕೋನ್ ಇಟ್ಟು ಮುಚ್ಚಿ, ಇಕ್ಕಟ್ಟಿನಲ್ಲಿ ಮೂವರ ಎದುರು ಮೂವರನ್ನು ಆಡಿಸಿ. ಗೋಲು ಎಣಿಸಬೇಡಿ. ಪಕ್ ಕೈತಪ್ಪಿದ ಕ್ಷಣದಲ್ಲಿ ಯಾರು ಯಾರ ಕಡೆ ತಿರುಗುತ್ತಾರೆ, ನೋಡದೆ ಕೊಟ್ಟ ಪಾಸ್ ಯಾರಿಗೆ ಸಿಗುತ್ತದೆ, ಅದನ್ನು ಬರೆದುಕೊಳ್ಳಿ. ನಮ್ಮಲ್ಲಿ 7 ಮತ್ತು 19ರ ಜೆರ್ಸಿಯವರು ಹಾಗೆ ಸಿಕ್ಕಿದ ಜೋಡಿ. ರಿಂಕಿನ ಹೊರಗೆ ಅವರಿಬ್ಬರಿಗೆ ಮಾತುಕತೆಯೇ ಕಡಿಮೆ. ಒಳಗೆ ಬಂದರೆ ಒಬ್ಬಳ ಸ್ಟಿಕ್ಕಿನ ಬಡಿತಕ್ಕೆ ಇನ್ನೊಬ್ಬಳು ತಿರುಗುತ್ತಾಳೆ. ಎನ್‌ಎಚ್‌ಎಲ್‌ನ ಎಡ್ಮಂಟನ್ ತಂಡದಲ್ಲಿ ವೇಯ್ನ್ ಗ್ರೆಟ್ಸ್ಕಿ ಮತ್ತು ಯಾರಿ ಕುರ್ರಿ ವರ್ಷಗಟ್ಟಲೆ ಜೊತೆಗಿದ್ದರು, ಎಡ ವಿಂಗಿನ ಮೂರನೆಯವನು ಮಾತ್ರ ಬದಲಾಗುತ್ತಲೇ ಇದ್ದ. ದೊಡ್ಡ ತಂಡಗಳೂ ಜೋಡಿಯನ್ನು ಮುಟ್ಟುವುದಿಲ್ಲ, ಮೂರನೆಯ ಕುರ್ಚಿಯನ್ನೇ ತಿರುಗಿಸುತ್ತವೆ.

ಆ ಮೂರನೆಯವಳು ಯಾರು? ಜೋಡಿಗೆ ಏನು ಇಲ್ಲವೋ ಅದನ್ನು ತರುವವಳು. ಪಾಸ್ ಕೊಡುವವಳೂ ಹೊಡೆಯುವವಳೂ ಸಿಕ್ಕಿದ್ದರೆ, ಮೂಲೆಗೆ ಹೋಗಿ ಪಕ್ ಕಿತ್ತು ತರುವವಳು ಬೇಕು. ಇದರ ಜೊತೆಗೆ ಇನ್ನೊಂದನ್ನು ನಾನು ಕಟ್ಟುನಿಟ್ಟಾಗಿ ನೋಡುತ್ತೇನೆ. ಎದುರಾಳಿಯ ವಲಯದಲ್ಲಿ ಒತ್ತಡ ಹಾಕುವಾಗ ಮೊದಲನೆಯವಳು ಪಕ್ ಇರುವವಳ ಮೇಲೆ ಬೀಳುತ್ತಾಳೆ, ಎರಡನೆಯವಳು ಮುಂದಿನ ಪಾಸಿಗೆ ಅಡ್ಡವಾಗುತ್ತಾಳೆ, ಮೂರನೆಯವಳು ಮೇಲೆ, ಆ ವಲಯದ ಅಂಚಿನ ನೀಲಿ ಗೆರೆಯ ಕಡೆಗೆ ಕಾದು ನಿಲ್ಲಬೇಕು. ಈ ಮೂರನೆಯ ಜಾಗ ಯಾರಿಗೂ ಇಷ್ಟವಿಲ್ಲ. ಅಲ್ಲಿ ನಿಂತವಳಿಗೆ ಗೋಲು ಸಿಗುವುದಿಲ್ಲ, ಅಪ್ಪ ತೆಗೆಯುವ ವಿಡಿಯೋದಲ್ಲೂ ಅವಳು ಇರುವುದಿಲ್ಲ. ಮೂವರೂ ಕೆಳಗಿಳಿದರೆ ಮಾತ್ರ ಒಂದೇ ಪಾಸಿನಲ್ಲಿ ಎದುರಾಳಿ ಮೂವರು ನಮ್ಮ ಇಬ್ಬರ ಮೇಲೆ ಬರುತ್ತಾರೆ. ಯಾರೂ ಹೇಳದೆಯೇ ಮೇಲೆ ನಿಲ್ಲುವ ಹುಡುಗಿ ಪ್ರತಿ ಲೈನಿನಲ್ಲಿ ಒಬ್ಬಳಾದರೂ ಇರಲಿ. ನಮ್ಮಲ್ಲಿ ಅಂಥವಳು 14. ಅವಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ಸೆಂಟು, ರೂಪಾಯಿಯ ವಿಷಯ. ಎಡಕ್ಕೆ ಹಿಡಿಯುವವಳು ಎಡ ವಿಂಗಿನಲ್ಲಿದ್ದರೆ, ನಮ್ಮ ವಲಯದಿಂದ ಹೊರಬರುವಾಗ ಗೋಡೆಯ ಬದಿಯಲ್ಲಿ ಬಂದ ಪಾಸ್ ಅವಳ ಸ್ಟಿಕ್ಕಿನ ಮುಂಬದಿಗೇ ಸಿಗುತ್ತದೆ. ಅವಳನ್ನೇ ಬಲ ವಿಂಗಿಗೆ ಹಾಕಿದರೆ ಆ ಪಾಸ್ ಹಿಡಿಯಲು ಮೈ ತಿರುಚಬೇಕು. ಆದರೆ ಎದುರಾಳಿಯ ವಲಯದಲ್ಲಿ ಗೋಲಿನ ಬಾಯಿ ಅಲ್ಲಿಂದ ಅಗಲವಾಗಿ ಕಾಣುತ್ತದೆ, ಬಂದ ಪಾಸನ್ನು ಹಾಗೆಯೇ ಹೊಡೆಯಬಹುದು. ಈ ವಯಸ್ಸಿನಲ್ಲಿ ನಾನು ಹೊರಬರುವ ದಾರಿಗೇ ಮತ ಹಾಕುತ್ತೇನೆ. ಸ್ವಂತ ವಲಯದಿಂದ ಹೊರಬರದ ಲೈನ್ ಗೋಲು ಹೊಡೆಯುವುದು ಹೇಗೆ?

ಫೇಸ್‌ಆಫ್‌ನಲ್ಲಿಯೂ (ಚುಕ್ಕೆಯ ಮೇಲೆ ಎದುರುಬದುರು ನಿಂತ ಇಬ್ಬರ ನಡುವೆ ಪಕ್ ಬೀಳಿಸಿ ಆಟ ಶುರು ಮಾಡುವುದು) ಇದೇ ಲೆಕ್ಕ. ಹೆಚ್ಚಿನವರಿಗೆ ಸ್ಟಿಕ್ಕಿನ ಹಿಂಬದಿಯಿಂದ ಪಕ್ ಎಳೆಯುವುದು ಸುಲಭ. ಹಾಗಾಗಿ ಎಡಕ್ಕೆ ಹಿಡಿಯುವ ಸೆಂಟರ್‌ಗೆ ಎಡಗಡೆಯ ಚುಕ್ಕೆ ಅನುಕೂಲ, ಬಲಕ್ಕೆ ಹಿಡಿಯುವವಳಿಗೆ ಬಲಗಡೆಯದು. ಎಳೆದ ಪಕ್ ಗೋಡೆಯ ಕಡೆಗೆ ಹೋಗುತ್ತದೆ, ಗೋಲಿನ ಮುಂದಕ್ಕಲ್ಲ. ಬಲಕ್ಕೆ ಹಿಡಿಯುವ ಸೆಂಟರ್ ನಿಮ್ಮ ತಂಡದಲ್ಲಿದ್ದರೆ ಅದೃಷ್ಟವಂತರು. ನನ್ನ ಮೂರು ರೂಪಾಯಿಗಳಲ್ಲಿ ಒಂದೇ ಸೆಂಟರ್.

ಲೈನ್ ಆಯಿತು. ಈಗ ಎದುರು ನಿಲ್ಲಿಸುವುದು, ಇಲ್ಲಿಯವರ ಮಾತಿನಲ್ಲಿ ಮ್ಯಾಚಿಂಗ್. ಅವರ ಅತ್ಯುತ್ತಮ ಲೈನ್ ಮಂಜಿನ ಮೇಲಿದ್ದಾಗ ನಮ್ಮವರು ಯಾರಿರಬೇಕು ಎಂಬ ಪ್ರಶ್ನೆ. ಇದಕ್ಕೆ ಬೀಗದಕೈ ನಿಯಮದಲ್ಲಿದೆ: ಆಟ ನಿಂತಾಗ ಅತಿಥಿ ತಂಡ ಮೊದಲು ಆಟಗಾರರನ್ನು ಬದಲಿಸಬೇಕು, ಆತಿಥೇಯರು ಅದನ್ನು ನೋಡಿಕೊಂಡು ನಂತರ ಬದಲಿಸಬಹುದು. ಎನ್‌ಎಚ್‌ಎಲ್‌ನಲ್ಲಿ ಅತಿಥಿಗಳಿಗೆ 5 ಸೆಕೆಂಡು, ಆಮೇಲೆ ರೆಫರಿ ಕೈ ಎತ್ತುತ್ತಾನೆ, ಆತಿಥೇಯರಿಗೆ 8 ಸೆಕೆಂಡು. ಇಸ್ಪೀಟಿನಲ್ಲಿ ಎದುರಿನವನ ಎಲೆ ನೋಡಿ ನಮ್ಮ ಎಲೆ ಬಿಡುವಂತೆ.

ಎದುರಿಗೆ ಯಾರನ್ನು ಬಿಡುವುದು ಎಂಬುದಕ್ಕೆ ಹಳೆಯ ಉತ್ತರ, ತಡೆಯುವುದನ್ನೇ ಕಸುಬಾಗಿಸಿಕೊಂಡ ಒಂದು ಲೈನ್. ಮಾಂಟ್ರಿಯಲ್‌ನ ಬಾಬ್ ಗೇನಿ ಅಂಥವನು. ಅತ್ಯುತ್ತಮ ರಕ್ಷಣಾತ್ಮಕ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿಯನ್ನು 1978ರಲ್ಲಿ ಆರಂಭಿಸಿದಾಗ ಮೊದಲ ನಾಲ್ಕು ವರ್ಷವೂ ಅವನಿಗೇ ಹೋಯಿತು. ಅದೇ ತಂಡದ ಗೀ ಕಾರ್ಬೊನೊ 1993ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಕಪ್) ಫೈನಲ್ಲಿನ ಮೊದಲ ಪಂದ್ಯವನ್ನು ಗ್ರೆಟ್ಸ್ಕಿ ಆಗ ಆಡುತ್ತಿದ್ದ ಲಾಸ್ ಏಂಜಲಿಸ್‌ಗೆ 4-1ರಿಂದ ಸೋತ ಮೇಲೆ ಕೋಚ್ ಜಾಕ್ ಡೆಮರ್ಸ್ ಬಳಿಗೆ ಹೋಗಿ, ಗ್ರೆಟ್ಸ್ಕಿಯನ್ನು ನನಗೆ ಬಿಡಿ ಎಂದು ಕೇಳಿಕೊಂಡ. ಉಳಿದ ನಾಲ್ಕೂ ಪಂದ್ಯ ಮಾಂಟ್ರಿಯಲ್ ಗೆದ್ದಿತು. ಇನ್ನೊಂದು ಉತ್ತರ, ಬಲಕ್ಕೆ ಬಲವನ್ನೇ ಇಡುವುದು: ನಮ್ಮ ಮೊದಲ ಲೈನ್ ಅವರ ಮೊದಲ ಲೈನಿನ ಎದುರು. ಪಕ್ ನಮ್ಮ ಬಳಿ ಇರುವಷ್ಟು ಹೊತ್ತು ಅವರು ಗೋಲು ಹೊಡೆಯಲಾರರು ಎಂಬ ವಾದ. ಬಾಸ್ಟನ್‌ನಲ್ಲಿ ಪಟ್ರೀಸ್ ಬರ್ಜರಾನ್ ಇದ್ದಾಗ ಇದು ಸಲೀಸು, ಏಕೆಂದರೆ ಅವನು ಮೊದಲ ಲೈನಿನ ಸೆಂಟರ್ ಆಗಿದ್ದುಕೊಂಡೇ ಆರು ಸಲ ಸೆಲ್ಕಿ ಪಡೆದವನು. ಅಂಥವನು ಮನೆಯಲ್ಲಿ ಹುಟ್ಟಿದರೆ ಯಾವ ಕೋಚ್ ಆದರೂ ಜಾಣನೇ.

ನನಗೆ ಮೆಚ್ಚುಗೆ ಮೂರನೆಯ ಉತ್ತರ. 1997, ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಹಬ್ಬ ಮೊದಲ ಬಾರಿ ನಡೆದ ವರ್ಷ. ಹಾಗಾಗಿ ಇಸವಿ ಮರೆಯುವುದಿಲ್ಲ. ಆ ವರ್ಷದ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಡೆಟ್ರಾಯಿಟ್‌ಗೆ ಫಿಲಡೆಲ್ಫಿಯ ಎದುರಾಯಿತು. ಫಿಲಡೆಲ್ಫಿಯದಲ್ಲಿ ಎರಿಕ್ ಲಿಂಡ್ರೋಸ್, ಜಾನ್ ಲೆಕ್ಲೇರ್, ಮಿಕಾಯೆಲ್ ರೆನ್‌ಬರ್ಗ್ ಇದ್ದ ಲೈನ್. ಮೂವರೂ ಆರಡಿ ದಾಟಿದ ಆನೆಗಳು, ಡಿಫೆನ್ಸ್ ಆಟಗಾರರನ್ನು ಗೋಡೆಗೆ ಒತ್ತಿ ಪಕ್ ಕಿತ್ತುಕೊಳ್ಳುವುದು ಅವರ ರೀತಿ. ಡೆಟ್ರಾಯಿಟ್ ಕೋಚ್ ಸ್ಕಾಟಿ ಬೌಮನ್ ತನ್ನ ಬಲಿಷ್ಠ ಡಿಫೆನ್ಸ್ ಆಟಗಾರ ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್‌ನನ್ನೇ ಅವರ ಮೇಲೆ ಬಿಡುತ್ತಾನೆ ಎಂದು ಎಲ್ಲರ ಎಣಿಕೆ. ಬೌಮನ್ ಬಿಟ್ಟದ್ದು ನಿಕ್ಲಾಸ್ ಲಿಡ್‌ಸ್ಟ್ರಮ್ ಮತ್ತು ಲ್ಯಾರಿ ಮರ್ಫಿಯನ್ನು. ಗುದ್ದಾಟಕ್ಕೆ ಹೆಸರಾದವರಲ್ಲ, ಪಕ್ ಸಿಕ್ಕ ಕೂಡಲೇ ತಲೆಯೆತ್ತಿ ನೋಡಿ ಹೊರಗೆ ಕಳುಹಿಸುವವರು. ಗೋಡೆಗೆ ಒತ್ತಲು ಆನೆಗಳು ಬರುವಷ್ಟರಲ್ಲಿ ಪಕ್ ಅಲ್ಲಿರುತ್ತಿರಲಿಲ್ಲ. ಡೆಟ್ರಾಯಿಟ್ 4-0 ಗೆದ್ದಿತು. ಇಡೀ ಸರಣಿಯಲ್ಲಿ ಲಿಂಡ್ರೋಸ್‌ನ ಒಂದೇ ಗೋಲು, ಅದೂ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ. ಗಮನಿಸಬೇಕಾದ್ದು ಇನ್ನೊಂದಿದೆ: ಮೊದಲೆರಡು ಪಂದ್ಯ ನಡೆದದ್ದು ಫಿಲಡೆಲ್ಫಿಯದಲ್ಲಿ. ಕೊನೆಯ ಎಲೆ ಬೌಮನ್ ಕೈಯಲ್ಲಿರಲಿಲ್ಲ. ಮೂವರು ಫಾರ್ವರ್ಡ್‌ಗಳನ್ನು ಅಟ್ಟಾಡಿಸಿ ಎದುರು ನಿಲ್ಲಿಸುವುದಕ್ಕಿಂತ ಇಬ್ಬರು ಡಿಫೆನ್ಸ್ ಆಟಗಾರರನ್ನು ನಿಲ್ಲಿಸುವುದು ಸುಲಭ, ಏಕೆಂದರೆ ಅವರ ಸರದಿ ಬೇಗ ಬೇಗ ಬರುತ್ತದೆ.

ಇದನ್ನೆಲ್ಲ ಓದಿ ತಿಳಿದು ತಲೆಗೇರಿಸಿಕೊಂಡದ್ದು ನನ್ನ ಎರಡನೆಯ ಸೀಸನ್ನಿನಲ್ಲಿ. ಎದುರಾಳಿ ತಂಡದಲ್ಲಿ 11ರ ಜೆರ್ಸಿಯ ಸೆಂಟರ್ ಒಬ್ಬಳಿದ್ದಳು. ಗಾಳಿ ಬೀಸಿದಂತೆ ಬರುತ್ತಿದ್ದಳು. ನನ್ನೊಳಗಿನ ಹಳೆಯ ರೈಟ್ ಹಾಫ್ ಎದ್ದು ಕುಳಿತ. 11 ಇಳಿದಾಗಲೆಲ್ಲ 14ರ ಲೈನ್ ಇಳಿಸಿದೆ. 11 ಬೆಂಚಿಗೆ ಹೋದರೆ ಇಪ್ಪತ್ತು ಸೆಕೆಂಡಿಗೇ ನಮ್ಮವರನ್ನೂ ವಾಪಸು ಕರೆದೆ. ಎರಡನೆಯ ಪೀರಿಯಡ್ (ಪಂದ್ಯದ ಮೂರು ಪಾಲಿನಲ್ಲಿ ಎರಡನೆಯದು) ಹೊತ್ತಿಗೆ 14 ಉಸಿರು ಸಾಲದೆ ಮೊಣಕಾಲು ಹಿಡಿದು ಬಾಗಿದ್ದಳು. ಮೂರನೆಯ ಲೈನ್ ಬೆಂಚಿನಲ್ಲಿ ಚಳಿಗೆ ಮರಗಟ್ಟಿತ್ತು. ಕೊನೆಗೆ ನಾನು "14!" ಎಂದು ಕೂಗಿದಾಗ 9 ಆಗಲೇ ಬೇಲಿ ಹಾರಿ ಇಳಿದಿದ್ದಳು. ಮಂಜಿನ ಮೇಲೆ ಆರು ಸ್ಕೇಟರ್‌ಗಳು, ಎರಡು ನಿಮಿಷ ಒಬ್ಬರು ಕಡಿಮೆ ಆಡಬೇಕಾದ ದಂಡನೆ, ಅದರಲ್ಲೇ ಗೋಲು. ಕಾರಿನಲ್ಲಿ ಮಗಳು, "ಅಪ್ಪಾ, ಎರಡನೇ ಪೀರಿಯಡ್‌ನಲ್ಲಿ ನಾನು ಮೂರೇ ಸಲ ಇಳಿದದ್ದು. ಎಣಿಸಿದ್ದೇನೆ" ಎಂದಳು. ಮನೆ ತಲುಪುವವರೆಗೆ ಇನ್ನೊಂದು ಮಾತಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ ಎಂಬುದು ಆಮೇಲೆ ಸಿಕ್ಕ ಸಮಾಧಾನ. 1979ರ ಮೇ 10ರಂದು ಎನ್‌ಎಚ್‌ಎಲ್ ಸೆಮಿಫೈನಲ್‌ನ ಏಳನೆಯ ಪಂದ್ಯದಲ್ಲಿ ಮಾಂಟ್ರಿಯಲ್ ಎದುರು ಬಾಸ್ಟನ್ 4-3ರಿಂದ ಮುಂದಿತ್ತು, ಮೂರು ನಿಮಿಷವೂ ಉಳಿದಿರಲಿಲ್ಲ. ಆಗ ಡಾನ್ ಚೆರ್ರಿ ಕೋಚ್ ಆಗಿದ್ದ ಬಾಸ್ಟನ್‌ಗೆ ಇದೇ ದಂಡನೆ ಬಿತ್ತು. ಗೀ ಲಾಫ್ಲರ್ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ ಈವೊನ್ ಲ್ಯಾಂಬರ್ಟ್ ಮುಗಿಸಿದ, ಮಾಂಟ್ರಿಯಲ್ ಗೆದ್ದಿತು. ಲಾಫ್ಲರ್‌ನ ನೆರಳಾಗಿದ್ದ ಬಾಸ್ಟನ್‌ನ ಡಾನ್ ಮಾರ್ಕಾಟ್ ಲೆಕ್ಕದಲ್ಲೇ ಬೆಂಚು ಗೊಂದಲಕ್ಕೆ ಬಿತ್ತು ಎನ್ನುವವರಿದ್ದಾರೆ.

ಅಂದಿನಿಂದ ಒಂದು ಪಂದ್ಯಕ್ಕೆ ಒಂದೇ ಮ್ಯಾಚ್ ಎಂದು ನಿಯಮ ಮಾಡಿಕೊಂಡಿದ್ದೇನೆ, ಮತ್ತು ಅದನ್ನು ಸರದಿಯಿಂದಲೇ ಸಾಧಿಸುತ್ತೇನೆ. ಮಕ್ಕಳ ಲೀಗಿನಲ್ಲಿ ಹೆಚ್ಚಿನ ತಂಡಗಳು ಮೂರು ಲೈನನ್ನೂ ಸುತ್ತಾಗಿ ಆಡಿಸುತ್ತವೆ. ಅವರದು ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಬರುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ತಡೆಯುವ ಲೈನ್ ಎರಡನೆಯದಾದರೆ ಆಟವನ್ನು ಅದರಿಂದಲೇ ಆರಂಭಿಸಿ: ಎರಡು, ಮೂರು, ಒಂದು. ಅವರ ಮೊದಲನೆಯದಕ್ಕೆ ನಿಮ್ಮ ಎರಡನೆಯದು ಸಿಗುತ್ತದೆ, ಮತ್ತು ನಿಮ್ಮ 7, 19ರ ಜೋಡಿ ಅವರ ಮೂರನೆಯ ಲೈನಿನ ಮೇಲೆ ಬೀಳುತ್ತದೆ. ಯಾರ ಆಟದ ಸಮಯವೂ ಕಡಿತವಾಗುವುದಿಲ್ಲ, ಯಾವ ತಾಯಿಯೂ ವಾಹನ ನಿಲ್ದಾಣದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದಿಲ್ಲ. ಜೊತೆಗಾರರೊಬ್ಬರ ಕೈಗೆ ಸ್ಟಾಪ್‌ವಾಚ್ ಕೊಡಿ. ಅವರ ಕಣ್ಣು ಎದುರಾಳಿಯ ಬೆಂಚಿನ ಮೇಲಿರಲಿ. ನಾಲ್ಕೈದು ಸುತ್ತಿನ ನಂತರ ಸರದಿ ಜಾರುತ್ತದೆ. ಆಗ ಒಂದು ಲೈನನ್ನು ಹಾರಿಸಿಬಿಡುವ ಆಸೆ ಬರುತ್ತದೆ, ಬೇಡ. ಒಂದು ಶಿಫ್ಟನ್ನು ಹತ್ತು ಹದಿನೈದು ಸೆಕೆಂಡು ಮೊಟಕು ಮಾಡಿದರೆ ಮತ್ತೆ ಹಳಿಗೆ ಬರುತ್ತದೆ. ದಂಡನೆ ಬಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಅದು ಮುಗಿದ ಮೇಲೆ ಮೊದಲ ಸೀಟಿ ಊದಿದಾಗ ಲೆಕ್ಕ ಹೊಸದಾಗಿ ಶುರು. ಒಂಬತ್ತು ಫಾರ್ವರ್ಡ್, ಆರು ಡಿಫೆನ್ಸ್ ಇದ್ದರೆ ಐದೈದು ಜನರ ಮೂರು ತಂಡವಾಗಿ ಒಟ್ಟಿಗೆ ಇಳಿಸುವುದೂ ಒಳ್ಳೆಯದು. ಕ್ರುಟೋವ್, ಲರಿಯೊನೋವ್, ಮಕರೋವ್ ಲೈನನ್ನು ಫೆಟಿಸೋವ್, ಕಸಟೋನೋವ್ ಡಿಫೆನ್ಸ್ ಜೋಡಿಯೊಂದಿಗೆ ಸೋವಿಯತ್ ಕೋಚ್ ವಿಕ್ಟರ್ ತಿಖೋನೊವ್ ಹೀಗೆಯೇ ಆಡಿಸುತ್ತಿದ್ದ. ಸೀಸನ್ನಿನ ಮೊದಲ ತಿಂಗಳು ನಾನೂ ಹಾಗೆಯೇ ಮಾಡುತ್ತೇನೆ, ನನ್ನ ತಲೆನೋವು ಕಡಿಮೆ.

ಇನ್ನು 14ರ ಲೈನಿಗೆ ಏನು ಹೇಳಿ ಇಳಿಸುವುದು? "11ನ್ನು ಹಿಡಿ" ಎಂದರೆ ಏನೂ ಹೇಳಿದಂತಾಗಲಿಲ್ಲ. ಹುಡುಗಿಯರ ಹಾಕಿಯಲ್ಲಿ ಮೈ ಗುದ್ದಿ ತಡೆಯುವಂತೆಯೂ ಇಲ್ಲ. ನಾನು ಪಂದ್ಯಕ್ಕೆ ಮುಂಚಿನ ವಾರ್ಮ್‌ಅಪ್ ನೋಡುತ್ತೇನೆ, ಫ್ಲಾಸ್ಕಿನ ಕಾಫಿಯೊಂದಿಗೆ, ಗಾಜಿನ ಈಚೆಯಿಂದ. 11 ಯಾವ ಕೈ, ಯಾವ ಬದಿಗೆ ತಿರುಗಲು ಇಷ್ಟ, ಮತ್ತು ಮುಖ್ಯವಾಗಿ ಪಕ್ ಅವಳಿಗೆ ಯಾರಿಂದ ಬರುತ್ತದೆ. ಮರುವರ್ಷ ಅದೇ ತಂಡ ಸಿಕ್ಕಾಗ ನೋಡಿದರೆ, ಅವಳ ಓಟವೆಲ್ಲ ಎಡ ಡಿಫೆನ್ಸಿನ 4ರ ಪಾಸಿನಿಂದಲೇ ಶುರುವಾಗುತ್ತಿತ್ತು. ನಮ್ಮ ಮೊದಲ ಹುಡುಗಿಯನ್ನು 4ರ ಮೇಲೆ ಬಿಟ್ಟೆವು. ಪಕ್ ಬಲಗಡೆಗೆ ಹೋಗುವಂತೆ ಮಾಡಿದೆವು. 14 ಮಾತ್ರ 11ಕ್ಕೂ ನಮ್ಮ ಗೋಲಿಗೂ ನಡುವೆ, ಎರಡು ಸ್ಟಿಕ್ಕಿನ ದೂರದಲ್ಲಿ, ಅವಳ ವೇಗಕ್ಕೇ ಹಿಂದಕ್ಕೆ ಜಾರುತ್ತಾ. ಬಾವಿಯ ಹತ್ತಿರ ಕಾಯುವುದಕ್ಕಿಂತ ಹಗ್ಗ ಹಿಡಿದುಕೊಳ್ಳುವುದು ಸುಲಭ. 11 ಅಂದೂ ಒಂದು ಗೋಲು ಹೊಡೆದಳು. ಆದರೆ ನಮ್ಮ ವಲಯಕ್ಕೆ ವೇಗದಲ್ಲಿ ನುಗ್ಗಿದ್ದು ನಾನು ಕಂಡಂತೆ ಎರಡೇ ಸಲ.

ಅತಿಥಿಯಾಗಿ ಹೋದಾಗ ಕೊನೆಯ ಎಲೆ ಅವರದು. ಆಗ ಆಟ ನಡೆಯುತ್ತಿರುವಾಗಲೇ ಬದಲಿಸಬೇಕು: ಪಕ್ಕನ್ನು ಅವರ ವಲಯದ ಆಳಕ್ಕೆ ತಳ್ಳಿ, ಮೊದಲು ಸೆಂಟರ್, ನಂತರ ವಿಂಗರ್‌ಗಳು. ಸ್ವಂತ ವಲಯದಲ್ಲಿ ಡಿಫೆನ್ಸಿನ ಜೊತೆ ಕೆಳಗೆ ನಿಲ್ಲುವವಳು ಸೆಂಟರ್. ಅವಳೊಬ್ಬಳು ಸರಿಯಾದವಳಿದ್ದರೆ ಮುಕ್ಕಾಲು ಕೆಲಸ ಆದಂತೆ. ಅವರು ಐಸಿಂಗ್ (ನಡುಗೆರೆಯ ಈಚೆಯಿಂದಲೇ ಪಕ್ಕನ್ನು ಎದುರಿನ ಗೋಲಿನ ಗೆರೆಯಾಚೆಗೆ ಅಟ್ಟುವ ತಪ್ಪು) ಮಾಡಿದಾಗ ಇನ್ನೊಂದು ಅವಕಾಶ. ಎನ್‌ಎಚ್‌ಎಲ್‌ನಲ್ಲಿ 2005ರಿಂದ ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ನಿಮ್ಮ ಲೀಗಿನಲ್ಲಿ ಹೇಗೆಂದು ಸೀಸನ್ ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಿ. ಎರಡನೆಯ ಪೀರಿಯಡ್‌ನಲ್ಲಿ ಮಾತ್ರ ಈ ಜಾಣತನ ಬೇಡ. ತಂಡಗಳು ತುದಿ ಬದಲಿಸಿರುತ್ತವೆ, ನಮ್ಮ ಬೆಂಚು ನಮ್ಮ ಗೋಲಿನಿಂದ ದೂರ. ದಣಿದವರು ಬೆಂಚಿಗೆ ಬರಲಾಗದೆ ಸಿಕ್ಕಿಬೀಳುವುದು ಇಲ್ಲೇ.

ಫೇಸ್‌ಆಫ್ ಎಲ್ಲಿ ಎಂಬುದನ್ನು ನೋಡಿ ಲೈನ್ ಆರಿಸುವುದೂ ಒಂದು ಬಗೆ. 2010-11ರಲ್ಲಿ ವ್ಯಾಂಕೂವರ್‌ನ ಕೋಚ್ ಅಲೆನ್ ವಿನ್ಯೋ ಸೆಡೀನ್ ಅವಳಿಗಳನ್ನು ಎದುರಾಳಿಯ ವಲಯದ ಫೇಸ್‌ಆಫ್‌ಗೂ, ಮ್ಯಾನಿ ಮಲ್ಹೋತ್ರನನ್ನು ಸ್ವಂತ ವಲಯದ್ದಕ್ಕೂ ಮೀಸಲಿಟ್ಟಂತೆ ಇಳಿಸುತ್ತಿದ್ದ. ಪಂಜಾಬಿ ಮೂಲದ ಮಲ್ಹೋತ್ರನ ಹೆಸರು ಕೇಳಿದಾಗ ನಮ್ಮ ಮನೆಯಲ್ಲಿ ಈಗಲೂ ಸಣ್ಣ ಸಂಭ್ರಮ. ಮಕ್ಕಳ ತಂಡದಲ್ಲಿ ಇದನ್ನು ಇಡೀ ಪಂದ್ಯ ಮಾಡಬಾರದು, ಒಬ್ಬಳಿಗೆ ಸದಾ ಪಾತ್ರೆ ತೊಳೆಯುವ ಕೆಲಸ ಕೊಟ್ಟಂತಾಗುತ್ತದೆ.

ಕೊನೆಯ ಎರಡು ನಿಮಿಷಕ್ಕೆ ನನ್ನ ಚೀಟಿ ಬೇರೆ. ಒಂದು ಗೋಲಿನಿಂದ ಮುಂದಿದ್ದು ಫೇಸ್‌ಆಫ್ ನಮ್ಮ ವಲಯದಲ್ಲಿದ್ದರೆ ಇಬ್ಬರು ಸೆಂಟರ್‌ಗಳನ್ನು ಒಟ್ಟಿಗೆ ಇಳಿಸಿ, ಒಬ್ಬಳು ಸೆಂಟು, ಒಬ್ಬಳು ರೂಪಾಯಿ. ಒಬ್ಬಳನ್ನು ಲೈನ್ಸ್‌ಮನ್ ಚುಕ್ಕೆಯಿಂದ ಹೊರಗೆ ಕಳುಹಿಸಿದರೂ ಇನ್ನೊಬ್ಬಳಿರುತ್ತಾಳೆ. 1987ರ ಕೆನಡಾ ಕಪ್ ಫೈನಲ್ಲಿನ ನಿರ್ಣಾಯಕ ಪಂದ್ಯ, ಹ್ಯಾಮಿಲ್ಟನ್, ಸೋವಿಯತ್ ಎದುರು 5-5, ಒಂದೂವರೆ ನಿಮಿಷ ಬಾಕಿ, ಫೇಸ್‌ಆಫ್ ಕೆನಡಾದ ವಲಯದಲ್ಲಿ. ಕೆನಡಾದ ಕೋಚ್ ಮೈಕ್ ಕೀನನ್ ಇಳಿಸಿದ್ದು ಮೂವರು ಸೆಂಟರ್‌ಗಳನ್ನು: ಗ್ರೆಟ್ಸ್ಕಿ, ಮಾರಿಯೊ ಲೆಮ್ಯೂ, ಡೇಲ್ ಹಾವರ್‌ಚಕ್. ಚುಕ್ಕೆಯ ಬಳಿ ನಿಂತವನು ಆ ಮೂವರಲ್ಲಿ ಹೆಸರು ಸಣ್ಣದಿದ್ದ ಹಾವರ್‌ಚಕ್. ಕೆಲವೇ ಸೆಕೆಂಡುಗಳಲ್ಲಿ ಗ್ರೆಟ್ಸ್ಕಿಯ ಪಾಸಿನಿಂದ ಲೆಮ್ಯೂ ಗೋಲು ಹೊಡೆದ. ಆ ವಿಡಿಯೋವನ್ನು ನಮ್ಮ ಹುಡುಗಿಯರಿಗೆ ತೋರಿಸುವಾಗ ಗೋಲು ಬರುವ ಮೊದಲೇ ನಿಲ್ಲಿಸುತ್ತೇನೆ, ಹಾವರ್‌ಚಕ್ ಬಾಗಿ ಸ್ಟಿಕ್ ಇಟ್ಟ ಜಾಗದಲ್ಲಿ. "ಕೋಚ್, ಗೋಲು ತೋರಿಸಿ" ಎಂದು ಗಲಾಟೆ ಎಬ್ಬಿಸುತ್ತಾರೆ. 14 ಮಾತ್ರ ಅವನ ಕೈ ಎಲ್ಲಿದೆ ಎಂದು ಪರದೆಯ ಹತ್ತಿರ ಬಂದು ನೋಡುತ್ತಾಳೆ.